ಹೊಸ್ತಿಲಲ್ಲಿ ಎಡವಿದ ಸಿಗ್ನಲ್

ಇನ್ನು ಐದೇ ಓವರ್ ಬಾಕಿ. ಹಾಸನದ ಮಳೆಗೆ ಅದೇ ಮುಹೂರ್ತ ಬೇಕಿತ್ತು. ಟಿವಿಯಲ್ಲಿ ‘ಸಿಗ್ನಲ್ ಇಲ್ಲ’ ಅಂತ ಬಂತು.

“ಉಪಗ್ರಹ ಬಿದ್ದೇ ಹೋಯಿತೇನೋ!” ಸೀನ ತಲೆ ಮೇಲೆ ಕೈ ಹೊತ್ತ.

“ಅದೇನು ತೆಂಗಿನಕಾಯಾ?” ಎಂದ ನಾಗು. ಇವನು ಡಿಶ್ ಕೂರಿಸುವ ಕೆಲಸದವನು. “ಅದು 36,000 ಕಿಲೋಮೀಟರ್ ಮೇಲಿದೆ ಕಣೋ. ಅಲ್ಲಿ ಮೋಡವೂ ಇಲ್ಲ, ಮಳೆಯೂ ಇಲ್ಲ. ಅಷ್ಟು ದೂರದಿಂದ ಸಿಗ್ನಲ್ ಆರಾಮಾಗಿ ಬರುತ್ತೆ. ಕೊನೆಯ ಐದಾರು ಕಿಲೋಮೀಟರಿನಲ್ಲಿ ಈ ಮಳೆಹನಿಗಳು ಅದನ್ನು ಹೀರಿಕೊಂಡು, ಅತ್ತಿತ್ತ ಚದುರಿಸಿಬಿಡುತ್ತವೆ.”

“ಕಾಶಿಯಿಂದ ನಡೆದು ಬಂದವನು ಮನೆ ಹೊಸ್ತಿಲಲ್ಲಿ ಎಡವಿದ ಹಾಗೆ” ಎಂದೆ ನಾನು.

ನನ್ನ ಮಗಳು ಪುಟ್ಟಿ ಕೇಳಿದಳು, “ನಾಗು ಮಾಮ, ಬೀದಿಯ ಡಿಶ್ಶೆಲ್ಲ ಹೆಚ್ಚುಕಡಿಮೆ ಒಂದೇ ಕಡೆ ಯಾಕೆ ನೋಡುತ್ತವೆ?”

“ಟಿವಿ ಉಪಗ್ರಹಗಳು ಭೂಮಧ್ಯರೇಖೆಯ ನೇರಕ್ಕೆ ಇರುತ್ತವೆ ಪುಟ್ಟಿ. ಅದು ನಮಗೆ ದಕ್ಷಿಣಕ್ಕಿದೆ. ಸ್ವಲ್ಪ ಪೂರ್ವಕ್ಕೂ ತಿರುಗಿಸಬೇಕು. ಅಂದರೆ ಆಗ್ನೇಯ.”

“ಅಗ್ನಿಮೂಲೆ ಒಲೆಗಲ್ವೇನೋ? ಅಲ್ಲಿಂದ ಟಿವಿ ತರಿಸಿದರೆ ಇನ್ನೇನಾಗುತ್ತೆ!” ಸೀನನಿಗೆ ಕಾರಣ ಸಿಕ್ಕಿಬಿಟ್ಟಿತು.

“ಉಪಗ್ರಹ ಅಲ್ಲಿ ಸುಮ್ನೆ ನಿಂತಿರುತ್ತಾ?” ಪುಟ್ಟಿ ಮತ್ತೆ ಕೇಳಿದಳು.

“ಇಲ್ಲ, ಸುತ್ತುತ್ತೆ. ಜಾತ್ರೆಯಲ್ಲಿ ಮರದ ಕುದುರೆ ಮೇಲೆ ಸುತ್ತುವಾಗ ಪಕ್ಕದ ಕುದುರೆ ಎಲ್ಲಿರುತ್ತೆ?”

“ಪಕ್ಕದಲ್ಲೇ.”

“ಹಾಗೇ ಇದು. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಅದೂ ಒಂದು ಸುತ್ತು ಬರುತ್ತೆ. ನಮಗೆ ನಿಂತ ಹಾಗೆ ಕಾಣುತ್ತೆ. ನಮ್ಮ ದೇಶದ ಉಪಗ್ರಹ ಒಂಚೂರು ಜರುಗಿದರೆ ಸರಿಮಾಡುವವರು ಇದೇ ಊರಲ್ಲಿದ್ದಾರೆ, ಇಸ್ರೋದ ಎಂಸಿಎಫ್ ಅನ್ನೋ ಉಪಗ್ರಹ ನಿಯಂತ್ರಣ ಕೇಂದ್ರದಲ್ಲಿ. 1982ರಿಂದ ಇಲ್ಲೇ ಕೂತು ಅವುಗಳ ಕಿವಿ ಹಿಂಡುತ್ತಾರೆ.”

ಹೊರಗೆ ಮಿಂಚಿತು. “ಒಂದು, ಎರಡು, ಮೂರು...” ಪುಟ್ಟಿ ಎಣಿಸಿದಳು. ಗುಡುಗಿತು. “ಒಂದು ಕಿಲೋಮೀಟರ್ ದೂರ!”

“ಭೇಷ್! ಮೊಬೈಲ್ ಮ್ಯಾಪಿನದೂ ಇದೇ ಲೆಕ್ಕ. ಜಿಪಿಎಸ್ ಉಪಗ್ರಹಗಳು ‘ಈಗ ಗಂಟೆ ಇಷ್ಟು, ನಾನು ಇಲ್ಲಿದ್ದೇನೆ’ ಅಂತ ಕೂಗುತ್ತಲೇ ಇರುತ್ತವೆ. ಕೂಗು ತಡವಾದಷ್ಟೂ ಉಪಗ್ರಹ ದೂರ. ನಾಲ್ಕು ಉಪಗ್ರಹಗಳ ಕೂಗು ಸಿಕ್ಕರೆ ನೀನೆಲ್ಲಿದ್ದೀಯ ಅಂತ ಮೊಬೈಲಿಗೆ ಗೊತ್ತಾಗುತ್ತೆ. ಅದು ಅವುಗಳಿಗೆ ತಿರುಗಿ ಏನೂ ಹೇಳಲ್ಲ. ಬರೀ ಕೇಳಿಸಿಕೊಳ್ಳುತ್ತೆ.”

“ಅಮ್ಮ ಬೈಯುವಾಗ ಅಪ್ಪನ ಥರ” ಎಂದಳು ಪುಟ್ಟಿ. ನಾನು ಚಕ್ಕುಲಿ ತಟ್ಟೆಯ ಕಡೆ ನೋಡಿದೆ.

“ಆದರೆ ಗಡಿಯಾರ ಸರಿ ಇರಬೇಕು. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತೆ.”

“ಮೊನ್ನೆ ನಾನು ಬೇರೆ ಯಾರದೋ ಮದುವೆಯಲ್ಲಿ ಉಂಡು ಬಂದೆನಲ್ಲ, ಅದಕ್ಕೇ!” ಎಂದ ಸೀನ.

“ಅದಕ್ಕಲ್ಲ. ಆ ಛತ್ರದಲ್ಲಿ ಹೋಳಿಗೆ ಇತ್ತು.”

“ಮಳೆ ಬರುತ್ತೆ ಅಂತ ಮೊದಲೇ ಹೇಳುವ ಉಪಗ್ರಹ ಇಲ್ವಾ?” ಪುಟ್ಟಿ ಬಿಡಲಿಲ್ಲ.

“ಇದೆಯಲ್ಲ, ಇನ್ಸಾಟ್. ಮೋಡಗಳ ಫೋಟೊ ತೆಗೆದು ಕಳಿಸುತ್ತಲೇ ಇರುತ್ತೆ. ಸಂಜೆ ಮಳೆ ಅಂತ ಬೆಳಿಗ್ಗೆಯೇ ಸುದ್ದಿಯಲ್ಲಿ ಬಂತು. ನಿಮ್ಮಪ್ಪ ಕೇಳಿಸಿಕೊಂಡ. ಆಮೇಲೆ ಹೋಗಿ ಟೆರೇಸ್ ಮೇಲೆ ಬಟ್ಟೆ ಒಣಹಾಕಿದ.”

ಅಯ್ಯೋ! ಮೇಲಕ್ಕೆ ಓಡಿದೆ. ಒದ್ದೆ ಬಟ್ಟೆಯ ಗಂಟು ಹೊತ್ತು ಇಳಿಯುವಷ್ಟರಲ್ಲಿ ಮಳೆ ತಗ್ಗಿತ್ತು, ಚಿತ್ರ ಬಂದಿತ್ತು. ಕೊನೆಯ ಬಾಲ್, ಎರಡು ರನ್ ಬೇಕು. ಬೌಲರ್ ಓಡಿ ಬರುತ್ತಿದ್ದಾನೆ.

ಕರೆಂಟ್ ಹೋಯಿತು.

“ಇದು ಯಾವ ಉಪಗ್ರಹವೋ?” ಕತ್ತಲಲ್ಲಿ ಸೀನನ ದನಿ.

“ಇದು ನಮ್ಮ ಬೀದಿ ಕೊನೆಯ ಕಂಬ, ಮಾಮ” ಎಂದಳು ಪುಟ್ಟಿ.