‘ಜೋಡಿಸು’, ‘ಹೊಂದಾಣಿಕೆ’, ‘ಒಗ್ಗು’: ಬೇರೆ ಬೇರೆ ಕಂಪನಿ ಸಾಮಾನು ಕೂಡಿ ಕೆಲಸ ಮಾಡೋದಕ್ಕೆ ಏನಂತೀರಿ?

ಎಲ್ಲರಿಗೂ ನಮಸ್ಕಾರ,

ಆಲ್ದೂರು ಕಡೆಯಿಂದ ಬರೀತಿದೀನಿ. ತೋಟದ ಮನೇಲಿ ಎರಡು ರೂಮು ಹೋಮ್‌ಸ್ಟೇಗೆ ಬಿಟ್ಟಿದೀವಿ, ನಾನು ವಾರದಲ್ಲಿ ನಾಲ್ಕು ದಿನ ಚಿಕ್ಕಮಗಳೂರಲ್ಲೇ ಇರೋದ್ರಿಂದ ಮನೆ ನೋಡ್ಕೊಳ್ಳೋದು ಒಬ್ಬರು ಅಕ್ಕ. ವರಾಂಡದಲ್ಲಿ ವೈಫೈ ಬಲ್ಬು, ಗೀಸರಿಗೆ 16 ಆಂಪಿಯರ್ ಸ್ಮಾರ್ಟ್ ಪ್ಲಗ್ಗು, ಗೇಟ್ ಹತ್ರ ಯಾರಾದ್ರೂ ಬಂದ್ರೆ ತಿಳಿಸೋ ಸೆನ್ಸರ್ರು, ಮೂರೂ ಮೂರು ಕಂಪನಿದು. ಇವು ಕೈಕೊಟ್ಟಾಗ ಏನು ಮಾಡ್ಬೇಕು ಅಂತ ಅಕ್ಕನಿಗೆ ಒಂದು ಹಾಳೆ ಬರೆದು ಅಡುಗೆಮನೆ ಗೋಡೆಗೆ ಅಂಟಿಸೋಣ ಅಂತ ಕೂತೆ, ಅರ್ಧಕ್ಕೇ ನಿಂತಿದೆ. ಪದ ಸಿಗ್ತಿಲ್ಲ.

ಮೊದಲನೇ ತೊಡಕು ‘ಜೋಡಿಸು’. ಮಳೆ ಹಿಡಿದ ವಾರ ನಮ್ಮ ಕಡೆ ಕರೆಂಟು ಹೋಗೋದು ಬರೋದು, ಮತ್ತೆ ಹೋಗೋದು ಬರೋದು, ನಿಮಿಷಕ್ಕೆ ನಾಲ್ಕು ಸಲ. ಇಂಥ ಬಲ್ಬುಗಳಲ್ಲಿ ಸುಮಾರಕ್ಕೆ ಒಂದು ಗುಣ ಇದೆ, ಬೇಗಬೇಗ ನಾಲ್ಕೈದು ಸಲ ಆಫ್ ಆನ್ ಆದ್ರೆ ‘ಯಾರೋ ನನ್ನನ್ನ ಹೊಸದಾಗಿ ಸೆಟಪ್ ಮಾಡ್ತಿದಾರೆ’ ಅಂದ್ಕೊಂಡು ಹಳೇದೆಲ್ಲ ಅಳಿಸಿ ಮಿಣುಕು ಮಿಣುಕು ಅಂತ ಕೂತ್ಕೊಳ್ಳುತ್ತೆ. ಅಕ್ಕ ಫೋನ್ ಮಾಡಿ “ಅಣ್ಣಾ, ವರಾಂಡದ ಬಲ್ಬು ಕಣ್ಣು ಹೊಡ್ಕೊಂಡು ಕೂತದೆ” ಅಂದ್ರು. ನಾನು “ಅದನ್ನ ಮತ್ತೆ ಜೋಡಿಸ್ಬೇಕು ಅಕ್ಕ” ಅಂದೆ, ಫೋನಲ್ಲಿ ಕನ್ನಡ ಹಾಕ್ಕೊಂಡ್ರೆ ಪೇರಿಂಗ್‌ಗೆ ಕಾಣೋದು ಆ ಮಾತೇ ಅಲ್ವಾ. ಅವರು ಲೈನ್ ಕಟ್ ಮಾಡದೇನೇ ಸ್ಟೂಲ್ ಎಳೆದ ಸದ್ದು ಕೇಳ್ತು. ಹತ್ತಿ, ಸೆರಗಲ್ಲಿ ಬಲ್ಬು ಹಿಡ್ಕೊಂಡು ಒತ್ತಿ ತಿರುಗಿಸಿ ಹೋಲ್ಡರಿಂದ ತೆಗೆದು, ಒರೆಸಿ, ಮತ್ತೆ ಹಾಕಿ, “ಜೋಡ್ಸಿದೀನಿ ಅಣ್ಣಾ, ಇನ್ನೂ ಹಂಗೇ ಮಾಡ್ತದೆ” ಅಂದ್ರು.

ಅವರು ಮಾಡಿದ್ದೇ ಸರಿ. ಸೌದೆ ಜೋಡಿಸ್ತೀವಿ, ಮಂಚ ಜೋಡಿಸ್ತೀವಿ, ದುಡ್ಡು ಜೋಡಿಸ್ತೀವಿ, ಎಲ್ಲಾ ಕಡೆ ಕೈಯಲ್ಲಿ ಮಾಡೋ ಕೆಲಸ, ಕಣ್ಣಿಗೆ ಕಾಣೋ ಕೆಲಸ. ಪೇರಿಂಗಲ್ಲಿ ಯಾವುದೂ ಯಾವುದಕ್ಕೂ ತಾಗೋದಿಲ್ಲ, ಎರಡು ವಸ್ತು ಒಂದನ್ನೊಂದು ಯಾರು ಅಂತ ತಿಳ್ಕೊಂಡು, ಗುಟ್ಟಿನ ಕೀಲಿ ಹಂಚ್ಕೊಂಡು, ಮುಂದೆ ಕಂಡಾಗ ಇದು ನಮ್ಮದೇ ಅಂತ ಒಪ್ಕೊಳ್ಳೋದು ಅಷ್ಟೇ. ಇದನ್ನ ಅಕ್ಕನಿಗೆ ಬಿಡಿಸಿ ಹೇಳಿದಾಗ ಅವರು ಅಂದಿದ್ದು: “ಓ, ಬಲ್ಬಿಗೆ ಮನೆ ಗುರ್ತು ಮರ್ತುಹೋಗಿದೆ ಅನ್ನಿ. ಗುರ್ತು ಮಾಡಿಸ್ಬೇಕು.” ನನಗೆ ಬೇಕಾಗಿದ್ದ ಮಾತು ಅದೇ. ಪೇರಿಂಗ್‌ಗೆ ‘ಗುರುತು ಮಾಡಿಸು’, ರೀಸೆಟ್ಟಿಗೆ ‘ಗುರುತು ಅಳಿಸು’. ಕೆಲವು ಹೊಸ ಸಾಮಾನಿನ ಮೇಲೆ ಚೌಕದ ಕ್ಯೂಆರ್ ಚೀಟಿ, ಅದರ ಪಕ್ಕ 11 ಅಂಕಿಯ ನಂಬರ್ ಇರುತ್ತಲ್ಲ, ಅದಕ್ಕೂ ‘ಗುರುತಿನ ನಂಬರ್’ ಅಂದ್ರೆ ಸಾಕು. ಹಾಳೇಲಿ ಹಂಗೇ ಬರೆದಿದೀನಿ, ಇದರಲ್ಲಿ ನನಗೆ ಅನುಮಾನ ಇಲ್ಲ.

ಎರಡನೇದು ‘ಹೊಂದಾಣಿಕೆ’. ಕಂಪ್ಯಾಟಿಬಲ್ ಅನ್ನೋದಕ್ಕೆಲ್ಲ ಇದೇ ಹಾಕ್ತಾರೆ, ‘ಹೊಂದಾಣಿಕೆಯಾಗುವ ಸಾಧನಗಳು’ ಅಂತ. ಮಾತಲ್ಲಿ ಹೊಂದಾಣಿಕೆ ಅಂದ್ರೆ ಗಂಡ ಹೆಂಡತಿ, ಅತ್ತೆ ಸೊಸೆ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟು ಬಾಳೋದು, ಇಲ್ಲಾಂದ್ರೆ ಎಲೆಕ್ಷನ್ ಟೈಮಲ್ಲಿ ಎಲ್ಲರೂ ಬೈಯೋ ‘ಹೊಂದಾಣಿಕೆ ರಾಜಕಾರಣ’. ಎರಡರಲ್ಲೂ ಯಾರೋ ಏನೋ ಬಿಟ್ಟುಕೊಟ್ಟಿರ್ತಾರೆ. ಬಲ್ಬು ಏನನ್ನೂ ಬಿಟ್ಟುಕೊಡಲ್ಲ, ಒಂದೋ ಆಗುತ್ತೆ ಇಲ್ಲಾ ಆಗಲ್ಲ. ನಮ್ಮ ಎಲೆಕ್ಟ್ರಿಷಿಯನ್ ಗೇಟಿನ ಸೆನ್ಸರ್ ನೋಡಿ ಹೇಳಿದ್ದು “ಇದು ನಿಮ್ಮ ಬಲ್ಬಿಗೆ ಒಗ್ಗಲ್ಲ ಸರ್” ಅಂತ. ಎಷ್ಟು ಚೆನ್ನಾಗಿದೆ ನೋಡಿ. ಹೊಸ ಊರಿನ ನೀರು ಒಗ್ಗಲಿಲ್ಲ, ಈ ಮಾತ್ರೆ ಮೈಗೆ ಒಗ್ಗಲ್ಲ, ತಂದ ಹಸು ಕೊಟ್ಟಿಗೆಗೆ ಒಗ್ತು. ಕಂಪ್ಯಾಟಿಬಲ್ಲಿಗೆ ‘ಒಗ್ಗು’ ಅಂತ ನಾನು ತೀರ್ಮಾನ ಮಾಡಿದೀನಿ, ಬೇಡ ಅನ್ನೋರು ಕಾರಣ ಹೇಳಿ.

ಆ ಸೆನ್ಸರ್ ಯಾಕೆ ಒಗ್ಗಲಿಲ್ಲ ಅಂದ್ರೆ ಅದು ಜಿಗ್‌ಬೀ (ವೈಫೈ ಥರಾನೇ ತಂತಿ ಇಲ್ಲದೆ ಮಾತಾಡೋ ಇನ್ನೊಂದು ಬಗೆ), ಬಲ್ಬು ವೈಫೈ. ಎರಡೂ ಓಡಾಡೋದು 2.4 ಗಿಗಾಹರ್ಟ್ಸಲ್ಲೇ, ಒಂದೇ ಬೀದಿ, ಮಾತು ಮಾತ್ರ ಬೇರೆ. ಬಟನ್ ಸೆಲ್ಲಲ್ಲಿ ತಿಂಗಳುಗಟ್ಟಲೆ ನಡೀಬೇಕಾದ ಸೆನ್ಸರಿಗೆ ವೈಫೈ ಭಾರ ಆಗುತ್ತೆ, ಅದಕ್ಕೇ ಕಮ್ಮಿ ಕರೆಂಟ್ ತಿನ್ನೋ ಮಾತು ಬೇಕಾಯ್ತು. ಎರಡರ ಮಧ್ಯೆ ಒಂದು ಹಬ್ ಇಡ್ಬೇಕು. ಹಬ್‌ಗೆ ‘ಕೇಂದ್ರ’, ಬ್ರಿಡ್ಜಿಗೆ ‘ಸೇತುವೆ’ ಅಂತ ಬರೆದ್ರೆ ಅಕ್ಕನಿಗೆ ಹೇಮಾವತಿ ಸೇತುವೇನೇ ಕಣ್ಮುಂದೆ ಬರೋದು. ಆದ್ರೆ ಇದರ ಕೆಲಸ ನಮ್ಮ ತೋಟದಲ್ಲಿ ದಿನಾ ನಡೀತಿದೆ. ಈಗ ಕಾಫಿ ಕುಯ್ಯೋಕೆ ಅಸ್ಸಾಮಿಂದ ಬಂದಿರೋರು, ತಮಿಳು ಮಾತಾಡೋರು, ಊರೋರು ಎಲ್ಲಾ ಇರ್ತಾರೆ, ಸಾವ್ಕಾರ್ರು ಒಂದು ಮಾತು ಮೇಸ್ತ್ರಿಗೆ ಹೇಳಿದ್ರೆ ಮೇಸ್ತ್ರಿ ಅವರವರ ಭಾಷೇಲಿ ಅವರವರಿಗೆ ಹೇಳಿ ಕೆಲಸ ತೆಗೀತಾನೆ, ಸಂಜೆ ಎಷ್ಟು ಮೂಟೆ ಆಯ್ತು ಅಂತ ವಾಪಸ್ ಬಂದು ಹೇಳ್ತಾನೆ. ಹಬ್ ಅಂದ್ರೆ ಮೇಸ್ತ್ರಿ. ಬರೀ ಮಾತು ಬದಲಾಯಿಸಿ ಕೊಡೋ ಬ್ರಿಡ್ಜ್ ಆದ್ರೆ ‘ದುಭಾಷಿ’. ಹಾಳೇಲಿ “ಟಿವಿ ಪಕ್ಕದ ಬಿಳೀ ಡಬ್ಬಿ = ಮೇಸ್ತ್ರಿ, ಇದರ ಪ್ಲಗ್ ತೆಗೀಬೇಡಿ” ಅಂತ ಬರೆದೆ, ಅಕ್ಕ ಒಂದೇ ಸಲಕ್ಕೆ ಹಿಡ್ಕೊಂಡ್ರು.

ಹೆಸರುಗಳನ್ನ ಮಾತ್ರ ಅನುವಾದ ಮಾಡ್ಬೇಡಿ ಅಂತ ಕೇಳ್ಕೊಳ್ತೀನಿ, ಹಿಂದೆ ಇಲ್ಲಿ ಬ್ಲೂಟೂತ್‌ಗೆ ‘ನೀಲಿಹಲ್ಲು’ ಅಂತ ಒಬ್ರು ಬರೆದಿದ್ರು. ಬ್ಲೂಟೂತ್ ಅನ್ನೋದು 10ನೇ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡನ ಅಡ್ಡಹೆಸರು, ಹರಿದು ಹಂಚಿಹೋಗಿದ್ದವರನ್ನ ಒಂದು ಮಾಡಿದ ಅಂತ ಬೇರೆ ಬೇರೆ ಕಂಪನಿಯೋರು ಒಂದಾಗಿ ಮಾಡಿದ ಕೆಲಸಕ್ಕೆ ಆ ಹೆಸರಿಟ್ಟರು. ಜಿಗ್‌ಬೀ ಹೆಸರು ಜೇನಿನ ಕುಣಿತದಿಂದ ಬಂದಿದ್ದು, ಹೂವಿರೋ ಜಾಗ ನೋಡ್ಕೊಂಡು ಬಂದ ಜೇನು ಗೂಡಲ್ಲಿ ಕುಣಿದು ಉಳಿದೋರಿಗೆ ದಾರಿ ಹೇಳುತ್ತೆ, ತುಡುವೆ ಪೆಟ್ಟಿಗೆ ಇಟ್ಟಿರೋರಿಗೆ ಇದು ಹೊಸದಲ್ಲ. ಇನ್ನು ‘ಮ್ಯಾಟರ್’, ಬೇರೆ ಬೇರೆ ಕಂಪನಿ ಸಾಮಾನೆಲ್ಲ ಒಂದೇ ಮಾತಾಡ್ಲಿ ಅಂತ ಕಂಪನಿಯೋರು ಸೇರಿ ಮಾಡ್ಕೊಂಡಿರೋ ಕಟ್ಟಳೆ. ಅಂಗಡೀಲಿ “ಇದರಲ್ಲಿ ಮ್ಯಾಟರ್ ಇದ್ಯಾ?” ಅಂತ ಕೇಳಿದ್ರೆ ಹುಡುಗ “ಏನ್ ಮ್ಯಾಟರ್ ಸಾರ್, ಹೇಳಿ” ಅಂದ. ಕನ್ನಡದಲ್ಲಿ ಮ್ಯಾಟರ್ ಅಂದ್ರೆ ಆಗಲೇ ‘ಸಮಾಚಾರ’, ‘ವಿಷಯ’ ಅಂತ ಕೂತುಬಿಟ್ಟಿದೆ, ಅದಕ್ಕೇ ನಾನು ‘ಮ್ಯಾಟರ್ ಗುರುತಿನ ಸಾಮಾನು’ ಅಂತ ಎರಡು ಮಾತು ಸೇರಿಸಿ ಬಳಸ್ತಿದೀನಿ.

ಈಗ ನಿಜವಾದ ಪ್ರಶ್ನೆ. ಈ ಮ್ಯಾಟರ್ ಬಂದಿದ್ದೇ ಒಗ್ಗೋದಕ್ಕಿಂತ ಒಂದು ಹೆಜ್ಜೆ ಮುಂದಿನದಕ್ಕೆ. 2019ರ ಡಿಸೆಂಬರಲ್ಲಿ ಅಮೆಜಾನ್, ಆಪಲ್, ಗೂಗಲ್, ಜೊತೆಗೆ ಜಿಗ್‌ಬೀ ಒಕ್ಕೂಟ ಸೇರಿ ಶುರು ಮಾಡಿದ್ರು, 2022ರ ಅಕ್ಟೋಬರಲ್ಲಿ ಮೊದಲನೇ ಆವೃತ್ತಿ ಬಂತು. ಪೆಟ್ಟಿಗೆ ಮೇಲೆ ‘ಇಂಥ ಅಸಿಸ್ಟೆಂಟಿಗೆ ಒಗ್ಗುತ್ತೆ’ (ಅಸಿಸ್ಟೆಂಟ್ ಅಂದ್ರೆ ನಾವು ಬಾಯಲ್ಲಿ ಹೇಳಿದ್ದು ಕೇಳಿ ಕೆಲಸ ಮಾಡಿಸೋ ಅಲೆಕ್ಸಾ ಥರದ್ದು) ಅಂತ ಇದ್ರೆ ಅದು ಒಬ್ಬರಿಗೆ ಒಗ್ತು ಅಷ್ಟೇ. ನನ್ನ ಬಲ್ಬೂ ಒಗ್ಗುತ್ತೆ ಪ್ಲಗ್ಗೂ ಒಗ್ಗುತ್ತೆ, ಆದ್ರೆ ಬಲ್ಬಿನ ಮಾತು ಅದರ ಕಂಪನಿ ಸರ್ವರಿಗೆ ಹೋಗಿ, ಅಲ್ಲಿಂದ ಅಸಿಸ್ಟೆಂಟಿನ ಸರ್ವರಿಗೆ ಹೋಗಿ, ಪ್ಲಗ್ಗಿನ ಸರ್ವರ್ ಮುಟ್ಟಿ ನಮ್ಮನೆಗೆ ವಾಪಸ್ ಬರ್ಬೇಕು, ಮರ ಬಿದ್ದು ಫೈಬರ್ ಕೇಬಲ್ ತುಂಡಾದ ದಿನ ಒಂದೇ ಗೋಡೆ ಮೇಲಿರೋ ಎರಡಕ್ಕೂ ಮಾತಿಲ್ಲ. ಮ್ಯಾಟರಲ್ಲಿ ಹಂಗಲ್ಲ, ಮನೆಯೊಳಗಿನ ನೆಟ್ವರ್ಕಲ್ಲೇ ಮಾತಾಡ್ಕೊಳ್ತವೆ, ಒಂದು ಸಾಮಾನು ಒಂದಕ್ಕಿಂತ ಹೆಚ್ಚು ಕಂಪನಿ ಆ್ಯಪ್ ಮಾತನ್ನ ಒಟ್ಟೊಟ್ಟಿಗೇ ಕೇಳುತ್ತೆ. ಇದಕ್ಕೆ ‘ಅಂತರಕಾರ್ಯಸಾಧ್ಯತೆ’ ಅಂತ ಓದಿದೀನಿ. ಗೋಡೆ ಮೇಲೆ ಬರೆಯೋ ಮಾತಲ್ಲ ಅದು.

‘ಒಡನಾಟ’ ಯೋಚನೆ ಮಾಡ್ದೆ, ಅದರಲ್ಲಿ ಸ್ನೇಹ ಇದೆ ಕೆಲಸ ಇಲ್ಲ. ‘ಕೂಡಿಕೆ’ ಅಂದ್ರೆ ನಮ್ಮ ಕಡೆ ಹಿರಿಯರಿಗೆ ಎರಡನೇ ಮದುವೆ ನೆನಪಾಗುತ್ತೆ. ಆಮೇಲೆ ಹೊಳೆದಿದ್ದು ‘ಮುಯ್ಯಾಳು’. ಗದ್ದೆ ನಾಟಿ ಟೈಮಲ್ಲಿ ನಮ್ಮಜ್ಜಿ ಕಾಲದಲ್ಲಿ ಕೂಲಿ ಕೊಡ್ತಿರಲಿಲ್ಲ, ಇವತ್ತು ಆರು ಮನೆಯೋರು ನಮ್ಮ ಗದ್ದೆಗೆ, ನಾಳೆ ನಮ್ಮನೆಯೋರು ಅವರ ಗದ್ದೆಗೆ. ಅವರವರ ಮನೆ ಅವರವರದ್ದೇ, ಒಲೆ ಬೇರೆ, ಬೀಗ ಬೇರೆ, ಆದ್ರೂ ಒಂದೇ ಸಾಲಲ್ಲಿ ಬಗ್ಗಿ ಒಂದೇ ಅಳತೇಲಿ ಸಸಿ ನೆಡ್ತಿದ್ರು. ಒಂದು ಕಂಪನಿ ಸೆನ್ಸರ್ ಕಂಡಿದ್ದಕ್ಕೆ ಇನ್ನೊಂದು ಕಂಪನಿ ಬಲ್ಬು ಹತ್ಕೊಳ್ಳೋದು ಇದೇ ಅಲ್ವಾ? ‘ಇವು ಮುಯ್ಯಾಳಾಗಿ ಕೆಲಸ ಮಾಡ್ತವೆ’ ಅಂದ್ರೆ ಅಕ್ಕನಿಗೆ ತಕ್ಷಣ ಗೊತ್ತಾಯ್ತು. ಅವರ ಮಗಳು, ಡಿಗ್ರಿ ಓದ್ತಿರೋಳು, ‘ಮುಯ್ಯಿ’ ಅಂದ್ರೆ ಸೇಡು ಅಲ್ವಾ ಅಂದ್ಲು. ಮದುವೇಲಿ ಮುಯ್ಯಿ ಓದಿಸೋದು ಅವಳಿಗೆ ಗೊತ್ತಿದೆ, ಆಳಿನ ಮುಯ್ಯಿ ಗೊತ್ತಿಲ್ಲ.

ಅದಕ್ಕೇ ಸಕಲೇಶಪುರ, ಬೇಲೂರು, ಆಲೂರು ಕಡೆ ಇನ್ನೂ ನಾಟಿ ಮಾಡ್ತಿರೋರನ್ನ ಕೇಳ್ತಿದೀನಿ: ನಿಮ್ಮಲ್ಲಿ ‘ಮುಯ್ಯಾಳು’ ಇನ್ನೂ ಬಾಯಲ್ಲಿದೆಯಾ, ಇಪ್ಪತ್ತು ವರ್ಷದ ಹುಡುಗರಿಗೆ ಹೇಳಿದ್ರೆ ಏನು ಅರ್ಥ ಮಾಡ್ಕೊಳ್ತಾರೆ? ಬಯಲುಸೀಮೆ ಅರಸೀಕೆರೆ ಕಡೆ ಇದಕ್ಕೇ ಬೇರೆ ಮಾತಿದ್ರೆ ಅದನ್ನೂ ಬರೀರಿ, ಯಾವ ಕೆಲಸಕ್ಕೆ ಬಳಸ್ತಾರೆ ಅಂತ ಒಂದು ವಾಕ್ಯದ ಸಮೇತ. ಶನಿವಾರ ಊರಿಗೆ ಹೋಗ್ತೀನಿ, ಹಾಳೆ ಲ್ಯಾಮಿನೇಷನ್ ಮಾಡಿಸ್ಕೊಂಡೇ ಹೋಗ್ಬೇಕು, ಆ ಒಂದು ಸಾಲಿನ ಜಾಗ ಖಾಲಿ ಬಿಟ್ಟಿದೀನಿ.