ಜುಲೈನಲ್ಲಿ ಚಿತ್ರದುರ್ಗಕ್ಕೆ 3 ದಿನ, ಬ್ಯಾಗಿಗೆ ಯಾವ ಬಟ್ಟೆ?

ಪ್ರಶ್ನೆ: ಕೋಟೆ, ಜೋಗಿಮಟ್ಟಿ ಬೆಟ್ಟ ಎರಡೂ ನೋಡ್ಬೇಕು. ಮಧ್ಯಾಹ್ನ ಬಿಸಿಲು, ಸಂಜೆ ತುಂತುರು ಅಂತಾರೆ. ಏನೇನು ತುಂಬಲಿ?

ಉತ್ತರ: ದುರ್ಗದಲ್ಲಿ ಮಳೆಗಿಂತ ಗಾಳಿ ಜೋರು, ಅದಕ್ಕೇ ಸುತ್ತಲ ಗುಡ್ಡಗಳಲ್ಲಿ ಗಾಳಿಯಂತ್ರಗಳಿರೋದು. ಕೊಡೆ ಬೇಡ, ಕೋಟೆ ಮೇಲೆ ಬಿಚ್ಚಿದ್ರೆ ಮಗುಚಿ ಕಡ್ಡಿ ಮುರಿಯುತ್ತೆ. ಟೋಪಿ ಇರೋ ವಿಂಡ್‌ಚೀಟರ್ 1, ತೆಳು ಕಾಟನ್ ಅಂಗಿ 4.

ಉತ್ತರ: ಜೀನ್ಸ್ ಒಂದೇ ಸಾಕು ಅಣ್ಣ. ನೆನೆದ್ರೆ ಕಾಲು ಒಣಗಿದ್ರೂ ಸೊಂಟಪಟ್ಟಿ, ಜೇಬಿನ ಹೊಲಿಗೆ ಬೆಳಗಾದ್ರೂ ಹಸಿ. ಮಡಚಿಟ್ರೆ ಮುಗ್ಗಲು ವಾಸನೆ. ಪಾಲಿಯೆಸ್ಟರ್ ಟ್ರ್ಯಾಕ್ ಪ್ಯಾಂಟ್ 2 ತನ್ನಿ, ರಾತ್ರಿ ಫ್ಯಾನ್ ಕೆಳಗೆ ಒಣಗುತ್ತೆ. ಕೋಟೆಯ ಬಂಡೆ ಒದ್ದೆಯಾದ್ರೆ ಭಾರಿ ಜಾರುತ್ತೆ, ಸವೆದ ಚಪ್ಪಲಿ ಖಂಡಿತ ಬೇಡ.

ಉತ್ತರ: ಜೋಗಿಮಟ್ಟಿಗೆ ಬೆಳಿಗ್ಗೆ ಹೋಗೋದಾದ್ರೆ ತೆಳು ಸ್ವೆಟರ್. ಹಸಿ ಬಟ್ಟೆಗೆ ಬೇರೆ ಪ್ಲಾಸ್ಟಿಕ್ ಕವರ್ ಇಡಿ.