ವಿನೋಬನಗರದ ಮನೆಯೋ, ಗಾಜನೂರು ಕಡೆಯ ಹೆಂಚಿನ ಮನೆಯೋ? ಇಬ್ಬರೂ ಪಟ್ಟು ಬಿಡುತ್ತಿಲ್ಲ

ಗೋಪಾಳದವಳು:
ನಮಸ್ಕಾರ. ಶಿವಮೊಗ್ಗದ ಗೋಪಾಳದಲ್ಲಿ ಹನ್ನೊಂದು ವರ್ಷದಿಂದ ಬಾಡಿಗೆಗಿದ್ದೇವೆ. ಸ್ವಂತ ಮನೆ ತಗೊಳ್ಳೋಣ ಅಂತ ಹೊರಟು ಎರಡು ಮನೆ ಇಷ್ಟವಾಗಿವೆ. ತೊಂದರೆ ಏನೆಂದರೆ ಒಂದು ನನಗೆ, ಇನ್ನೊಂದು ನಮ್ಮನೆಯವರಿಗೆ.

ನನ್ನದು ವಿನೋಬನಗರದಲ್ಲಿ 30-40 ಸೈಟಿನ ಹಳೇ ಮನೆ. ಪಕ್ಕದವರ ಕುಕ್ಕರ್ ಸೀಟಿ ಹೊಡೆದರೆ ನಮ್ಮ ಒಲೆ ಆರಿಸಲು ಓಡುವಷ್ಟು ಒತ್ತೊತ್ತು. ಆದರೆ ಮಗಳು ಶಾಲೆಗೆ ನಡೆದು ಹೋಗಬಹುದು, ಅತ್ತೆಗೆ ಬಿಪಿ, ಶುಗರ್ ಎರಡೂ ಇದೆ, ಡಾಕ್ಟರ್ ಹತ್ತಿರ. ಅವರದ್ದು ಗಾಜನೂರು ದಾಟಿ ತೀರ್ಥಹಳ್ಳಿ ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ, ಹೆಂಚಿನ ಮನೆ, ದೊಡ್ಡ ಜಗಲಿ, ಸುತ್ತ ಹನ್ನೆರಡು ಗುಂಟೆ, ಒಂದಿಷ್ಟು ಅಡಿಕೆ, ಒಂದು ಹಲಸಿನ ಮರ. ಫೆಬ್ರವರಿಯಲ್ಲಿ ನೋಡಲು ಹೋದಾಗ ಜಗಲಿ ಕಂಬಕ್ಕೆ ಒರಗಿ ಕೂತವರು ಏಳಲೇ ಇಲ್ಲ. ಕೊಟ್ಟ ಕಾಫಿ ಕೆನೆ ಕಟ್ಟಿದರೂ ಹಲಸಿನ ಮರವನ್ನೇ ನೋಡುತ್ತಿದ್ದರು.

ಇಬ್ಬರೂ ದುಡಿಯುತ್ತೇವೆ, ಸಾಲದ ಕಂತು ಅರ್ಧ ಅರ್ಧ. ಮಾತು ಬಿಟ್ಟು ಮೂರು ದಿನವಾಯ್ತು. ಊಟಕ್ಕೆ ಕೂತಾಗ ಉಪ್ಪು ಬೇಕಾದರೂ ಮಗಳ ಕೈಲಿ ಕೇಳಿಸುತ್ತಾರೆ. ಇಂಥದ್ದನ್ನು ದಾಟಿ ಬಂದವರು ಇದ್ದೀರಾ?

ಕೊಪ್ಪದ ಹುಡುಗ:
ಅಕ್ಕಾ, ಫೆಬ್ರವರಿಯಲ್ಲಿ ಮಲೆನಾಡಿನ ಯಾವ ಮನೆ ಚೆನ್ನಾಗಿ ಕಾಣಲ್ಲ ಹೇಳಿ? ನಾನು ಹೆಂಚಿನ ಮನೆಯಲ್ಲೇ ಬೆಳೆದವನು. ಪ್ರತಿವರ್ಷ ಮಳೆಗೆ ಮೊದಲು ಹೆಂಚು ಕೈಯಾಡಿಸಬೇಕು, ಅದಕ್ಕೆ ಮಾಡು ಹತ್ತುವ ಜನ ಈಗ ಸಿಗಲ್ಲ, ಸಿಕ್ಕಿದರೂ ಅವರು ಇಳಿದು ಹೋದ ಮಾರನೇ ದಿನ ಮಂಗ ಬಂದು ನಾಲ್ಕು ಒಡೆದು ಹೋಗುತ್ತದೆ. ಹೆಂಚಿನ ಕೆಳಗಿನ ಮರದ ರೀಪು, ಪಕಾಸಿಗೆ ಒರಲೆ (ಗೆದ್ದಲು) ಹಿಡಿದಿದೆಯಾ ಅಂತ ಸ್ಕ್ರೂಡ್ರೈವರಿನಲ್ಲಿ ಚುಚ್ಚಿ ನೋಡಿ, ಬಣ್ಣ ನೋಡಿ ಮೋಸ ಹೋಗಬೇಡಿ. ಮುಖ್ಯವಾಗಿ ಮನೆ ಹಿಂದೆ ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಇದೆಯಾ ನೋಡಿ. ಧರೆ ಕಡಿದು ಕಟ್ಟಿದ ಮನೆ ಅಂದರೆ ಮಳೆ ಜೋರಾದ ರಾತ್ರಿ ನಿದ್ದೆ ಬರಲ್ಲ. ಈಗ ಮಳೆ ಹಿಡಿದಿದೆಯಲ್ಲ, ಈ ಭಾನುವಾರವೇ ಹೋಗಿ.

ಕಾಗದಪತ್ರ:
ಜಗಳ ಆಮೇಲೆ ಆಡಿ, ಮೊದಲು ಪಹಣಿ ನೋಡಿ. ಹನ್ನೆರಡು ಗುಂಟೆ ಅಂದಿರಲ್ಲ, ಕೃಷಿಯಿಂದ ವಾಸಕ್ಕೆ ಕನ್ವರ್ಷನ್ ಆಗಿದೆಯಾ? ಜಮೀನು ಬಾಗಾಯ್ತು (ತೋಟದ ಜಮೀನು) ಅಂತಲೇ ಇದ್ದು ಅದರೊಳಗೆ ಮನೆ ಇದ್ದರೆ ಹೋಮ್ ಲೋನ್ ಸಿಗೋದು ಕಷ್ಟ. ಗ್ರಾಮಠಾಣಾದಲ್ಲಿದ್ದರೆ (ಊರಿನ ಮನೆಗಳ ಜಾಗ) ಪಂಚಾಯಿತಿಯ ಇ-ಸ್ವತ್ತಿನ ಫಾರಂ 9 ಮತ್ತು 11ಎ ಕೇಳಿ. ಪೇಟೆಯ ಮನೆಗಾದರೆ ಇ-ಖಾತೆ ಬೇಕು. ಎರಡಕ್ಕೂ ಮೂವತ್ತು ವರ್ಷದ ಇಸಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪತ್ರ) ತೆಗೆಸಿ. ಖರ್ಚಿನ ಲೆಕ್ಕದಲ್ಲಿ ಒಂದು ಮರೆಯಬೇಡಿ: 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡಾ 1 ಇದ್ದದ್ದು 2 ಆಗಿದೆ, ಮುದ್ರಾಂಕ ಶುಲ್ಕ ಬೇರೆ.

ಸಾಗರದವಳು:
ನಮ್ಮಲ್ಲಿ ನಮ್ಮವರೇ ಗೆದ್ದರು. ಊರಿಂದ ಹದಿನಾಲ್ಕು ಕಿಲೋಮೀಟರ್ ಆಚೆ ಮನೆ. ಜಗಲಿಯ ಕನಸು ಅವರದ್ದು, ಬಚ್ಚಲೊಲೆಗೆ ಹಸಿ ಸೌದೆ ಊದುವವಳು ನಾನು. ಗಾಳಿಮಳೆಗೆ ಕರೆಂಟ್ ಹೋದರೆ ಎರಡು ದಿನ ಬರಲ್ಲ, ಇನ್ವರ್ಟರ್ ಮೊದಲ ರಾತ್ರಿಯೇ ಕೈ ಎತ್ತುತ್ತದೆ. ಒಣಗದ ಯೂನಿಫಾರ್ಮಿಗೆ ಬೆಳಗ್ಗೆ ಇಸ್ತ್ರಿ ಪೆಟ್ಟಿಗೆಯಲ್ಲಿ ಕೆಂಡ ಹಾಕಿದ್ದೇನೆ ಕಣ್ರೀ. ಮಕ್ಕಳನ್ನು ಬಿಡೋದು ಯಾರು, ಅತ್ತೆಯನ್ನು ರಾತ್ರಿ ಆಸ್ಪತ್ರೆಗೆ ಕರೆದೊಯ್ಯೋದು ಯಾರು, ಇದನ್ನು ಮೊದಲೇ ಬಾಯಿಬಿಟ್ಟು ಕೇಳಿ. ನಾನು ಕೇಳಲಿಲ್ಲ. ಈಗ ಮಾರೋಣವಾ ಅಂತ ಅವರೇ ಅಂದರೆ ನಾನು ಬಿಡಲ್ಲ, ಅದು ಬೇರೆ ಮಾತು.

ತುಂಗಾತೀರ:
ಪೇಟೆ ಮನೆ ಅಂದ ಕೂಡಲೇ ಭದ್ರ ಅಂದುಕೊಳ್ಳಬೇಡಿ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿದಾಗ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೇ ನೀರು ನುಗ್ಗಿತ್ತು. ಆ ಬೀದಿಗೆ ಆವತ್ತು ಬಂದಿತ್ತಾ ಅಂತ ಮಾಲೀಕರನ್ನಲ್ಲ, ಎದುರು ಅಂಗಡಿಯವರನ್ನು ಕೇಳಿ. ಯಾವ ಮನೆ ಆದರೂ ಇಬ್ಬರ ಹೆಸರಿಗೂ ಮಾಡಿಸಿ.

ಗೋಪಾಳದವಳು:
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಸುರಿಯುವ ಮಳೆಯಲ್ಲೇ ಹೋಗಿದ್ದೆವು. ಅತ್ತೆಗೆ ಅಂತ ಅಂದುಕೊಂಡಿದ್ದ ಕೋಣೆಯಲ್ಲಿ ಒಂದು ಬಕೆಟ್, ಅದರ ಪಕ್ಕ ಒಂದು ಪಾತ್ರೆ. ಇದೊಂದು ಕಡೆ ಮಾತ್ರ ಸೋರುತ್ತೆ ಅಂದರು ಮನೆಯಾಕೆ. ಹಿಂದೆ ಧರೆ ಇದೆ, ಮನೆಗಿಂತ ಎತ್ತರ. ಪಹಣಿಯಲ್ಲಿ ಪೂರ್ತಿ ಬಾಗಾಯ್ತು. ನಾನು ಏನೂ ಅನ್ನಲಿಲ್ಲ, ನಾಲಿಗೆ ಕಚ್ಚಿಕೊಂಡಿದ್ದೆ. ಬರುವಾಗ ಗಾಜನೂರಿನಲ್ಲಿ ಡ್ಯಾಂ ಗೇಟು ತೆಗೆದಿದ್ದರು. ನಮ್ಮನೆಯವರು ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ನೋಡುತ್ತಾ ನಿಂತು, ವಿನೋಬನಗರದ ಹಿತ್ತಲಲ್ಲಿ ಹಲಸು ಬರುತ್ತಾ ಅಂತ ಕೇಳಿದರು. ಆರಡಿ ಜಾಗ. ನುಗ್ಗೆ ಬರುತ್ತೆ ಅಂದೆ.

ಆದರೆ ನನ್ನ ಮನೆಯದ್ದೂ ಒಂದು ಕತೆ. ಇಸಿ ತೆಗೆಸಿದರೆ ಅಡಮಾನ ತೋರಿಸುತ್ತಿದೆ. ಸಾಲ ತೀರಿಸಿ ಎಷ್ಟೋ ವರ್ಷವಾಯ್ತು ಅಂತಾರೆ ಮಾಲೀಕರು. ನಂಬಬಹುದಾ?

ಕಾಗದಪತ್ರ:
ತೀರಿಸಿರಬಹುದು, ಎಷ್ಟೋ ಜನ ಸಾಲ ಕಟ್ಟಿ, ತೀರಿದ್ದನ್ನು ನೋಂದಣಿ ಮಾಡಿಸಿರಲ್ಲ. ಬ್ಯಾಂಕಿನಿಂದ ಋಣಮುಕ್ತ ಪತ್ರ ತಂದು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸಲಿ. ಹೊಸ ಇಸಿಯಲ್ಲಿ ಅದು ಕಾಣುವ ತನಕ ಅಡ್ವಾನ್ಸ್ ಕೊಡಬೇಡಿ.